ಬಾರದ ಬೆವರಿಗೊಂದು ಬಿನ್ನಹ

ಹಣೆ, ಕುತ್ತಿಗೆ, ಕಂಕುಳು, ಬೆನ್ನು, ಅಂಗೈ, ಅಂಗಾಲು ಮುಂತಾದ ಸಕಲ ಶಾಖೆಗಳಲ್ಲೂ ಏಕಕಾಲಕ್ಕೆ ಅಧಿಕಾರ ನಡೆಸುತ್ತಿರುವ, ಕರೆಯದವರ ಮನೆಗೆಲ್ಲ ಹಾಜರಾಗುವ, ಕರೆದವರ ಮನೆಗೆ ಮಾತ್ರ ಬಾರದ ಶ್ರೀಮಾನ್ ಬೆವರು ಅವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರವನ್ನೂ ಹಿಂದಿನ ಕೋಣೆಯಲ್ಲಿ ಸಂಸಾರವನ್ನೂ ಇಟ್ಟುಕೊಂಡು ಬದುಕುತ್ತಿರುವ ದರ್ಜಿ ಹೆಂಗಸಾದ ನಾನು ತಮಗೆ ಮಾಡುವ ಅನಂತ ನಮಸ್ಕಾರಗಳು. ದೊಡ್ಡವರಿಗೆ ಬರೆಯುವಾಗ ಪಾದಗಳಿಗೆ ನಮಸ್ಕರಿಸುವುದು ವಾಡಿಕೆ. ಆದರೆ ತಾವು ಪಾದಗಳಲ್ಲಿ, ಅದರಲ್ಲೂ ಕಾಲುಚೀಲದೊಳಗೆ ಬಿಜಯಂಗೈದಿರುವಾಗ ಅಷ್ಟು ಸಮೀಪಕ್ಕೆ ಮೂಗು ತರುವ ಧೈರ್ಯ ಯಾರಿಗೂ ಇಲ್ಲವಾದ್ದರಿಂದ ನನ್ನ ನಮಸ್ಕಾರವನ್ನು ತುಸು ದೂರದಿಂದಲೇ ಸಲ್ಲಿಸಿದ್ದೇನೆ. ಇದನ್ನು ಅಗೌರವವೆಂದು ತಾವು ಭಾವಿಸಬಾರದು.

ತಮ್ಮ ಪರಿಚಯ ನನಗೆ ಹೊಸದೇನಲ್ಲ. ತೋಳು ಗಿಡ್ಡ ಮಾಡಿಸಲು, ಸೊಂಟ ಸಡಿಲಿಸಲು, ಹರಿದ ಲೈನಿಂಗ್ ಬದಲಿಸಲು ಜನ ತರುವ ಕೋಟು ಅಂಗಿಗಳ ಕಂಕುಳಲ್ಲಿ ತಾವು ಒತ್ತಿಹೋದ ಹಳದಿ ಮೊಹರನ್ನು ನಾನು ದಿನವೂ ನೋಡುವವಳು. ಮನೆಮನೆ ಸುತ್ತಿ ಸಾಮಾನು ಮಾರುವವನ ಕೋಟಿನಲ್ಲಿ ತಾವು ಎಷ್ಟು ಗಾಢವಾಗಿ ನೆಲೆಸಿರುತ್ತೀರಿ, ಅವನ ಮೇಲಧಿಕಾರಿಯ ಕೋಟಿನಲ್ಲಿ ಎಷ್ಟು ತೆಳುವಾಗಿ ಬಂದುಹೋಗಿರುತ್ತೀರಿ ಎಂಬುದನ್ನು ಹೊಲಿಗೆ ಬಿಚ್ಚಿದವರಷ್ಟೇ ಬಲ್ಲರು. ತಾವು ಎಲ್ಲರನ್ನೂ ಸಮಾನವಾಗಿ ಕಾಣುತ್ತೀರೆಂದು ಹೇಳುವವರು ಕೋಟನ್ನು ಹೊರಗಿನಿಂದ ಮಾತ್ರ ನೋಡಿದವರು. ಇರಲಿ, ಅದು ಬೇರೆ ದೂರು, ಬೇರೆಯವರು ಬರೆದುಕೊಳ್ಳಲಿ.

ನನ್ನ ದೂರು ಹಂಚಿಕೆಯದು. ನನ್ನ ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ಅವನ ಮೇಲೆ ತಮಗಿರುವ ಪ್ರೀತಿಯನ್ನು ನಾನು ಮದುವೆಯಾದ ಹೊಸದರಲ್ಲೇ ಗಮನಿಸಿದ್ದೆ. ಬ್ರೆಡ್ಡು ಒಲೆಗೆ ಹೋಗುವ ಮೊದಲೇ ತಾವು ಅವನ ಹುಬ್ಬಿನ ಮೇಲೆ ಬಂದು ಕೂತಿರುತ್ತೀರಿ. ಮನೆಗೆ ಬಂದು ಫ್ಯಾನಿನ ಕೆಳಗೆ ಕೂತರೂ ಬಿಡುವುದಿಲ್ಲ. ಅವನು ಬನಿಯನ್ ಹಿಂಡಿದರೆ ಗಿಡಕ್ಕೆ ಹಾಕುವಷ್ಟು ನೀರು ಬರುತ್ತದೆ ಎಂದು ನನ್ನ ಅಮ್ಮ ತಮಾಷೆ ಮಾಡುತ್ತಾಳೆ. ಅದು ತಮಾಷೆಯೇನಲ್ಲ, ಗಿಡವೊಂದು ಒಣಗಿದ್ದಕ್ಕೆ ಅವಳ ಈ ಪ್ರಯೋಗವೇ ಕಾರಣವೆಂದು ನನಗೆ ಗುಮಾನಿಯಿದೆ. ಇಂಥ ತುಂಬು ಕೈಯವರಾದ ತಾವು ಅದೇ ಮನೆಯಲ್ಲಿ, ಅದೇ ಫ್ಯಾನಿನ ಕೆಳಗೆ, ಅದೇ ಅಪ್ಪನ ಮಗ್ಗುಲಲ್ಲಿ ಕೂತಿರುವ ನನ್ನ ಇಬ್ಬರು ಗಂಡುಮಕ್ಕಳ ಕಡೆಗೆ ಒಮ್ಮೆಯೂ, ದಾರಿ ತಪ್ಪಿ ಕೂಡ, ತಿರುಗಿ ನೋಡಿಲ್ಲ. ಒಂದು ಹನಿಯ ಲೆಕ್ಕದಲ್ಲಾದರೂ ನೆಂಟಸ್ತಿಕೆ ಉಳಿಸಿಕೊಳ್ಳಬಹುದಿತ್ತು.

ಮಕ್ಕಳ ಪರಿಚಯ ತಮಗಿರಲಾರದು, ಆದ್ದರಿಂದ ನಾನೇ ಮಾಡಿಸುತ್ತೇನೆ. ದೊಡ್ಡವನು ಆರು ವರ್ಷದವನು. ಯಾವಾಗಲೂ ಒದ್ದೆಯಾಗಿರುವುದರಿಂದ ಅಜ್ಜಿ ಅವನಿಗೆ ಮೀನು ಎಂದು ಹೆಸರಿಟ್ಟಿದ್ದಾಳೆ. ಚಿಕ್ಕವನಿಗೆ ಮೂರು. ಅವನು ಒದ್ದೆಯಾಗಿರುವುದಲ್ಲದೆ ಕುಪ್ಪಳಿಸುವುದರಿಂದ ಕಪ್ಪೆ. ಇಬ್ಬರಿಗೂ ತಲೆಗೂದಲು ತೆಳು, ಬಣ್ಣ ಮಾಸಿದ್ದು. ಹುಬ್ಬು ಇದೆಯೆಂದು ನಾವು ನಂಬಿದ್ದೇವೆ. ಹಲ್ಲು ಬೆರಳೆಣಿಕೆಯಷ್ಟು, ಇರುವವೂ ಪೆನ್ಸಿಲ್ ಚೂಪು ಮಾಡಿಟ್ಟಂತೆ. ಅಪ್ಪ ಬೇಕರಿಯಿಂದ ತರುವ ಬ್ರೆಡ್ಡಿನ ಅಂಚನ್ನು ಕತ್ತರಿಸಿ, ಹಾಲಿನಲ್ಲಿ ಅದ್ದಿ ಕೊಟ್ಟರೆ ಇಬ್ಬರೂ ರಾಜಕುಮಾರರಂತೆ ತಿನ್ನುತ್ತಾರೆ. ಕತ್ತರಿಸಿದ ಅಂಚು ನನ್ನ ಪಾಲು.

ಮೊದಲ ಸಲ ತಮ್ಮ ಗೈರುಹಾಜರಿ ನಮ್ಮ ಗಮನಕ್ಕೆ ಬಂದ ದಿನದ ವಿಷಯವನ್ನು ಅರಿಕೆ ಮಾಡಿಕೊಳ್ಳಲೇಬೇಕು. ಮೀನು ಇನ್ನೂ ಮಗುಚಿಕೊಳ್ಳಲು ಬಾರದ ಕೂಸು. ಬಿಸಿಲು ಕಾಲದ ಒಂದು ಮಧ್ಯಾಹ್ನ ಮೈ ಕೆಂಡದಂತೆ ಸುಡತೊಡಗಿತು. ಬೀದಿಯ ತುದಿಯ ಔಷಧದಂಗಡಿಯವರು ಸಿರಪ್ ಕೊಟ್ಟು, "ಬೆಚ್ಚಗೆ ಹೊದಿಸಿ ಮಲಗಿಸಿ, ಒಂದ್ಸಲ ಬೆವರು ಬಂತು ಅಂದ್ರೆ ಜ್ವರ ಬಿಟ್ಟ ಹಾಗೇ" ಎಂದರು. ಅಮ್ಮ ಒಂದು ಕಂಬಳಿ ತಂದಳು, ಅದರ ಮೇಲೆ ಇನ್ನೊಂದು ತಂದಳು, ಕಿಟಕಿ ಮುಚ್ಚಿದಳು. ಆಮೇಲೆ ನಾವೆಲ್ಲ ತಮ್ಮ ಆಗಮನಕ್ಕಾಗಿ ಕಾದು ಕೂತೆವು. ಮಂತ್ರಿಗಳಿಗಾಗಿ ಕೂಡ ಯಾರೂ ಅಷ್ಟು ಭಕ್ತಿಯಿಂದ ಕಾದಿರಲಾರರು. ನಾನು ಆಗಾಗ ಕಂಬಳಿಯೊಳಗೆ ಕೈ ತೂರಿಸಿ ಕೂಸಿನ ಕತ್ತಿನ ಹಿಂದೆ ತಡವುತ್ತಿದ್ದೆ. ಅಷ್ಟರಲ್ಲಿ ಸುದ್ದಿ ತಿಳಿದ ಗಂಡ ಬೇಕರಿಯಿಂದ ಓಡೋಡಿ ಬಂದು ತೊಟ್ಟಿಲ ಮೇಲೆ ಬಗ್ಗಿದ. ಅಮ್ಮ ಕೂಸಿನ ಹಣೆ ಮುಟ್ಟಿ ನೋಡಿ, "ಬಂತು ಕಣೇ, ಬೆವರು ಬಂತು, ಇನ್ನು ಭಯ ಇಲ್ಲ" ಎಂದು ಕೈ ಮುಗಿದಳು. ನಾವು ಮೂವರೂ ನಿಟ್ಟುಸಿರು ಬಿಟ್ಟೆವು. ಅದು ಗಂಡನ ಮೂಗಿನ ತುದಿಯಿಂದ ಬಿದ್ದ ಹನಿ ಎಂದು ಗೊತ್ತಾಗುವ ಹೊತ್ತಿಗೆ ಕೂಸಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಕೈಕಾಲು ಸೆಟೆದುಕೊಂಡಿತ್ತು.

ಆಸ್ಪತ್ರೆಯ ನರ್ಸಮ್ಮ ಕಂಬಳಿಗಳನ್ನು ಕಿತ್ತೆಸೆದು, ಬಟ್ಟೆಯೆಲ್ಲ ಬಿಚ್ಚಿ, ಒದ್ದೆ ಟವೆಲ್ ಸುತ್ತಿದ ಮೇಲೆ ಅವನು ಅತ್ತ. ಅಷ್ಟು ಇಂಪಾದ ಅಳುವನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಅಲ್ಲಿಂದ ಚರ್ಮದ ಡಾಕ್ಟರು, ಅಲ್ಲಿಂದ ವಂಶವಾಹಿಗಳ ಡಾಕ್ಟರು. ಇವರು ಕೊನೆಗೆ ತಮ್ಮ ಗೈರುಹಾಜರಿಗೆ ಒಂದು ಹೆಸರು ಕೊಟ್ಟರು. ಹೈಪೊಹೈಡ್ರೋಟಿಕ್ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ. ಇದನ್ನು ಉಚ್ಚರಿಸಲು ಬಾಯಿ ತುಂಬ ಹಲ್ಲು ಬೇಕು, ಆದರೆ ಈ ಕಾಯಿಲೆ ಬರುವುದು ಹಲ್ಲಿಲ್ಲದವರಿಗೆ. ಹೆಸರಿಟ್ಟವರ ಹಾಸ್ಯಪ್ರಜ್ಞೆಯನ್ನು ಮೆಚ್ಚಲೇಬೇಕು. ಸರಳವಾಗಿ ಹೇಳುವುದಾದರೆ ಮಕ್ಕಳ ಚರ್ಮದಲ್ಲಿ ತಾವು ಹೊರಬರುವ ಬಾಗಿಲುಗಳನ್ನೇ ಕಟ್ಟಿಲ್ಲ. ಮನೆ ಕಟ್ಟಿದವನು ಬಾಗಿಲು ಮರೆತದ್ದಕ್ಕೆ ನೆಂಟರನ್ನು ಬೈಯುವುದು ಎಷ್ಟು ಸರಿ ಎಂದು ತಾವು ಕೇಳಬಹುದು. ಕೇಳಿ, ಆದರೆ ಹಟ ಇರುವ ನೆಂಟರು ಕಿಟಕಿಯಿಂದಾದರೂ ಬರುತ್ತಾರೆ.

ಡಾಕ್ಟರು ಆಮೇಲೆ ನನ್ನ ಬೆನ್ನಿಗೆ ಅಯೋಡಿನ್ ಬಳಿದು, ಗಂಜಿಪುಡಿ ಉದುರಿಸಿ, ಬಿಸಿ ಕೋಣೆಯಲ್ಲಿ ಕೂರಿಸಿದರು. ತಾವು ಬರುವ ಜಾಗವೆಲ್ಲ ಕಪ್ಪಾಗುತ್ತದಂತೆ. ಫೋಟೋ ತೆಗೆದು ತೋರಿಸಿದಾಗ ನನ್ನ ಬೆನ್ನು ಬಣ್ಣ ಸರಿಯಾಗಿ ಹಿಡಿಯದ ಬಟ್ಟೆಯ ಹಾಗೆ ಇತ್ತು, ಒಂದು ಪಟ್ಟೆ ಕಪ್ಪು, ಒಂದು ಪಟ್ಟೆ ಬಿಳುಪು. ಅಂದರೆ ತಾವು ನನ್ನ ಬಳಿ ಅರ್ಧ ದಿನದ ನೌಕರಿ ಮಾಡುತ್ತಿದ್ದೀರಿ, ಮತ್ತು ಮಕ್ಕಳಿಗೆ ಇದು ನನ್ನ ಕಡೆಯಿಂದ ಹೋಗಿದೆ. "ಇದ್ರಲ್ಲಿ ನಿಮ್ ತಪ್ಪೇನಿಲ್ಲಮ್ಮ" ಎಂದರು ಡಾಕ್ಟರು. ಗಂಡ ಫೋಟೋವನ್ನು ತಿರುಗಿಸಿ ಮುರುಗಿಸಿ ನೋಡಿ, "ಡಿಸೈನ್ ಚೆನ್ನಾಗಿದೆ" ಎಂದ. ನಾನು ನಕ್ಕೆ, ಆಮೇಲೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಮನೆ ಬರುವವರೆಗೂ ಅತ್ತೆ. ಅಮ್ಮ ಅಳಲಿಲ್ಲ. ನನಗಿಂತ ಮೊದಲು ಅವಳಿಗೊಂದು ಗಂಡುಮಗು ಹುಟ್ಟಿ, ಜ್ವರ ಬಂದು ಹೋಗಿತ್ತು. "ಅದಕ್ಕೂ ಹೊದಿಸಿದ್ದೆ ಕಣೇ" ಎಂದಳು, ಅಷ್ಟೇ. ಆ ಎರಡು ಕಂಬಳಿಗಳನ್ನು ಮರುದಿನ ಯಾರಿಗೋ ಕೊಟ್ಟುಬಿಟ್ಟಳು.

ತಾವು ಬರುವುದಿಲ್ಲವೆಂದು ಖಚಿತವಾದ ಮೇಲೆ ತಮ್ಮ ಹುದ್ದೆಗೆ ನೀರನ್ನು ಹಂಗಾಮಿಯಾಗಿ ನೇಮಿಸಿಕೊಂಡೆವು. ಹೆಚ್ಚಿಗೆ ಓದಿದವರಲ್ಲದಿದ್ದರೂ ನೀರು ಅವರು ಕೆಲಸಕ್ಕೆ ಕಳ್ಳರಲ್ಲ. ಹುಡುಗರಿಗೆ ಎರಡು ಪದರದ ಹತ್ತಿ ಬನಿಯನ್ ಹೊಲಿದಿದ್ದೇನೆ, ಮಧ್ಯದಲ್ಲಿ ಟವೆಲ್ ಬಟ್ಟೆ, ಬೆನ್ನಲ್ಲಿ ಹೆಚ್ಚು, ಹೊಟ್ಟೆಯಲ್ಲಿ ಕಡಿಮೆ. ಅದ್ದಿ, ಹಿಂಡಿ, ತೊಡಿಸಿದರೆ ಒಂದಷ್ಟು ಹೊತ್ತು ನಿಶ್ಚಿಂತೆ. ಬಾಗಿಲಿಗೆ ಒದ್ದೆ ಪರದೆ, ನೆಲಕ್ಕೆ ಒದ್ದೆ ಚಾಪೆ, ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ಪ್ರತಿ ಮೂಲೆಗೂ ಒಂದು. ನಮ್ಮ ಮನೆಗೆ ಬಂದವರು ಜಾರಿ ಬೀಳದೆ ವಾಪಸು ಹೋದರೆ ಅದೃಷ್ಟವಂತರೆಂದು ಬೀದಿಯಲ್ಲಿ ಹೆಸರಾಗಿದೆ. ಕಪ್ಪೆಯಂತೂ ಈ ಬಾಟಲಿಯನ್ನು ಸಮಾಜಸೇವೆಗೆ ಬಳಸುತ್ತಾನೆ. ಮೊನ್ನೆ ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ಗಂಭೀರವಾಗಿ ನಿಂತಿದ್ದ ವಕೀಲರ ಮುಖಕ್ಕೆ ಚೆನ್ನಾಗಿ ಚಿಮುಕಿಸಿ, ನಾನು ಗದರಿದ್ದಕ್ಕೆ, "ಮಾಮ ಬಿಸಿ ಇದ್ದ" ಎಂದು ಸಮಜಾಯಿಷಿ ಕೊಟ್ಟ. ವಕೀಲರು ನಿಜಕ್ಕೂ ಬಿಸಿ ಇದ್ದರು, ನಾನು ಕೋಟು ಕೊಡುವುದು ತಡ ಮಾಡಿದ್ದೆ.

ಹೀಗೆ ಮನೆಯೊಳಗೆ ನಾವು ತಮ್ಮನ್ನು ಬಿಟ್ಟು ಸುಖವಾಗಿಯೇ ಇದ್ದೆವು. ತೊಂದರೆ ಶುರುವಾದದ್ದು ಹೊಸ್ತಿಲು ದಾಟಿದಾಗ, ಅಂದರೆ ಮೀನು ಶಾಲೆಗೆ ಸೇರಿದ ಮೇಲೆ. ತರಗತಿಯ ಟೀಚರಿಗೆ ಎಲ್ಲ ವಿವರಿಸಿದ್ದೆ. ಅವರು ಅವನನ್ನು ಫ್ಯಾನಿನ ಕೆಳಗೆ ಕೂರಿಸಿ, ನಲ್ಲಿಗೆ ಹೋಗಲು ಕೇಳಿದಾಗಲೆಲ್ಲ ಬಿಡುತ್ತಿದ್ದರು. ಆದರೆ ಆಟದ ಪಿರಿಯಡ್ಡಿಗೆ ಹೊಸದಾಗಿ ಒಬ್ಬ ಪಿ.ಟಿ. ಮೇಷ್ಟ್ರು ಬಂದರು. ಒಳ್ಳೆಯ ಮನುಷ್ಯ, ಎತ್ತರದ ಆಳು, ತಮ್ಮ ಪರಮಭಕ್ತ. ಮಕ್ಕಳು ಸೋಮಾರಿಗಳಾಗಿದ್ದಾರೆಂದು ಅವರಿಗೆ ಅನ್ನಿಸಿ ಒಂದು ನಿಯಮ ಮಾಡಿದರು. "ಎಲ್ರೂ ಗ್ರೌಂಡ್ ಸುತ್ತ ಓಡಿ. ಬೆವರು ಬಂದೋರು ಬಂದು ನಂಗೆ ಹಣೆ ತೋರ್ಸಿ, ನೆರಳಲ್ಲಿ ಕೂತ್ಕೊಳಿ. ಬೆವರು ಬರೋವರ್ಗೂ ಯಾರೂ ನಿಲ್ಲಂಗಿಲ್ಲ."

ಮಾನ್ಯರೇ, ಈ ನಿಯಮವನ್ನು ಮಾಡುವಾಗ ಅವರಿಗೆ ತಮ್ಮ ಮೇಲಿದ್ದ ವಿಶ್ವಾಸವನ್ನು ತಾವು ದಯವಿಟ್ಟು ಗಮನಿಸಬೇಕು. ಇಡೀ ಜಗತ್ತಿನಲ್ಲಿ ಯಾರಿಗಾದರೂ ತಾವು ಕೈಕೊಡಬಹುದೆಂದು ಅವರ ಕನಸಿನಲ್ಲೂ ಬಂದಿರಲಿಲ್ಲ. ಮಕ್ಕಳು ಓಡಿದರು. ಚುರುಕಾದವರು ಒಂದು ಸುತ್ತು ಮುಗಿಸಿ ನಲ್ಲಿಯ ಬಳಿ ಹೋಗಿ ಹಣೆಗೆ ನೀರು ಸವರಿಕೊಂಡು, ತಮ್ಮ ನಕಲಿ ಸಹಿ ತೋರಿಸಿ ನೆರಳಿಗೆ ಹೋದರು. ನನ್ನ ಮಗನಿಗೆ ಕಾಪಿ ಹೊಡೆಯಬಾರದೆಂದು ನಾನೇ ಕಲಿಸಿದ್ದೆ. ಉಳಿದವರು ಒಬ್ಬೊಬ್ಬರಾಗಿ ನಿಜವಾಗಿಯೇ ಬೆವರಿ ಕೂತರು. ಮೀನು ಮಾತ್ರ ಓಡುತ್ತಲೇ ಇದ್ದ. ಆಗಾಗ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದನಂತೆ. ಮೇಷ್ಟ್ರು ಅವನನ್ನೇ ತೋರಿಸಿ, "ನೋಡ್ರೋ, ಇವನಿಗೆ ದಣಿವೇ ಇಲ್ಲ, ಗಂಡು ಅಂದ್ರೆ ಇವ್ನು" ಎಂದು ಹೊಗಳಿದರಂತೆ. ಹೊಗಳಿಕೆ ಕೇಳಿ ಇನ್ನೂ ಜೋರಾಗಿ ಓಡಿದ. ಮುಖ ಕೆಂಪಗಾಗಿ, ಕಾಲು ಮಡಚಿ ಬಿದ್ದಾಗ ಮೇಷ್ಟ್ರೇ ಅವನನ್ನು ಎತ್ತಿಕೊಂಡು ಓಡಿ ನಲ್ಲಿಯ ಕೆಳಗೆ ಹಿಡಿದರು. ಟೀಚರು ಕೂಗಿಕೊಂಡು ಬಂದು ವಿಷಯ ಹೇಳಿದ ಮೇಲೆ ತಾವು ಮೇಷ್ಟ್ರ ಹಣೆಯ ಮೇಲೆ ಧಾರಾಳವಾಗಿ ಬಂದಿರೆಂದು ಕೇಳಿದೆ. ಬೇಕಾದವರಿಗೆ ಬಾರದೆ, ಬೇಡದವರಿಗೆ ಬರುವ ತಮ್ಮ ಸಮಯಪ್ರಜ್ಞೆಗೆ ಎಣೆಯಿಲ್ಲ.

ನಾನು ಶಾಲೆ ತಲುಪಿದಾಗ ಆಫೀಸಿನ ಬೆಂಚಿನ ಮೇಲೆ ತೊಯ್ದು ತೊಪ್ಪೆಯಾಗಿ ಮಲಗಿದ್ದವನು ಕಣ್ಣು ತೆರೆದು, "ಅಮ್ಮಾ, ನಾನೇ ಗೆದ್ದೆ, ಎಲ್ರೂ ಕೂತ್ಬಿಟ್ರು" ಎಂದ. ಅವನನ್ನು ಅಪ್ಪಿಕೊಳ್ಳಲೋ ಎರಡು ಬಾರಿಸಲೋ ತಿಳಿಯದೆ ಎರಡನ್ನೂ ಅರ್ಧರ್ಧ ಮಾಡಿದೆ.

ಹೆಡ್‌ಮಿಸ್ ಬಹಳ ಸಭ್ಯವಾಗಿ, ಬಿಸಿಲು ಕಳೆಯುವವರೆಗೆ ಹುಡುಗನನ್ನು ಮನೆಯಲ್ಲೇ ಇಟ್ಟುಕೊಂಡರೆ ಎಲ್ಲರಿಗೂ ಕ್ಷೇಮ ಎಂದರು. ಸುಳ್ಳೇಕೆ, ನನಗೆ ಒಳಗೊಳಗೇ ಖುಷಿಯಾಯಿತು. ಬಿಸಿಲು ಕಳೆದ ಮೇಲೆ ಮತ್ತೆ ಬಿಸಿಲು ಬರುತ್ತದೆ, ಹಾಗಾಗಿ ಶಾಲೆಯ ಗೋಜೇ ಬೇಡವೆಂದು ಅಲ್ಲೇ ಮನಸ್ಸಿನಲ್ಲಿ ತೀರ್ಮಾನಿಸಿದೆ. ಒದ್ದೆ ಪರದೆಯ ಹಿಂದೆ, ನನ್ನ ಕಣ್ಣಳತೆಯಲ್ಲಿ, ಟೇಪು ಕತ್ತರಿಗಳ ನಡುವೆ ಇಬ್ಬರೂ ಬೆಳೆಯಲಿ, ಓದು ನಾನೇ ಹೇಳಿಕೊಡುತ್ತೇನೆ, ಲೆಕ್ಕಕ್ಕೆ ಇಂಚುಪಟ್ಟಿ ಇದೆ. ಗಂಡ ಒಪ್ಪಲಿಲ್ಲ. "ಒಲೆ ಮುಂದೆ ನಿಲ್ಲಲಿ ಅಂತಿಲ್ಲ ಕಣೇ, ಕ್ಲಾಸಲ್ಲಿ ಕೂರ್ಲಿ ಅಂತಿದೀನಿ" ಎಂದ. ಮೀನು ಹೊಲಿಗೆ ಯಂತ್ರದ ಕೆಳಗೆ, ಪೆಡಲಿನ ಪಕ್ಕ, ಶಾಲೆಯ ಚೀಲ ಹಾಕಿಕೊಂಡೇ ಕೂತುಬಿಟ್ಟ. ಅವನು ಇದ್ದಷ್ಟು ಹೊತ್ತು ನಾನು ಯಂತ್ರ ತುಳಿಯುವಂತಿರಲಿಲ್ಲ. ಗಿರಾಕಿಗಳ ಬಟ್ಟೆ ಹಾಗೇ ಬಿದ್ದವು. ಮುಷ್ಕರ ಹೂಡುವುದನ್ನು ಅವನಿಗೆ ಯಾರು ಕಲಿಸಿದರೋ ಕಾಣೆ.

ಹೀಗಿರುವಾಗ ಪಿ.ಟಿ. ಮೇಷ್ಟ್ರು ಮನೆಗೆ ಬಂದರು. ಬಾಗಿಲಲ್ಲಿ ನಿಂತು ಕರವಸ್ತ್ರದಿಂದ ತಮ್ಮನ್ನು ಒರೆಸಿಕೊಳ್ಳುತ್ತ, ತಲೆ ತಗ್ಗಿಸಿ, "ನಂಗೆ ಗೊತ್ತಿರ್ಲಿಲ್ಲ ತಾಯಿ" ಎಂದರು. ನಾನು ಬೈಯಲೆಂದು ಸಿದ್ಧ ಮಾಡಿಟ್ಟುಕೊಂಡಿದ್ದ ಮಾತುಗಳೆಲ್ಲ ವ್ಯರ್ಥವಾದವು. ಅಷ್ಟರಲ್ಲಿ ಕಪ್ಪೆ ಅವರಿಗೂ ಚಿಮುಕಿಸಿಯಾಗಿತ್ತು. ಅವರು ಯಂತ್ರದ ಕೆಳಗಿನ ಮುಷ್ಕರವನ್ನು ಕಂಡು, ನೆಲದ ಮೇಲೆ ಕೂತು, ನಾನು ಹೊಲಿದ ಬನಿಯನ್ನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ತಾವೇ ಮಾಡಿದ್ದ ಆ ನಿಯಮಕ್ಕೆ ಒಂದು ತಿದ್ದುಪಡಿ ತಂದರು. ಉಳಿದ ಮಕ್ಕಳು ಅಂಗಿ ಒದ್ದೆಯಾದಾಗ ಕೂರಬೇಕು, ಮೀನು ಅಂಗಿ ಒಣಗಿದಾಗ ಕೂರಬೇಕು. ಕೂತಲ್ಲಿ ಬಕೆಟ್ಟು ಇರುತ್ತದೆ. ಒದ್ದೆ ಮಾಡಿಕೊಂಡ ಮೇಲೆ ಬೇಕಾದರೆ ಮತ್ತೆ ಓಡಬಹುದು. ಇದನ್ನು ಹೇಳಿ, "ನಿಯಮ ಅಂದ್ರೆ ನಿಯಮ, ನಾನು ನೆನಪಿಸೋದಿಲ್ಲ, ನೀನೇ ಮುಟ್ಟಿ ನೋಡ್ಕೋಬೇಕು" ಎಂದು ಅವನ ಕೈ ಕುಲುಕಿದರು. ಮುಷ್ಕರ ಅಲ್ಲಿಗೆ ಮುಗಿಯಿತು.

ನಾನು ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. ಹೊಗಳಿಕೆಗೆ ಮರುಳಾಗಿ ಬೀಳುವವರೆಗೆ ಓಡಿದ ಹುಡುಗ, ಆಟದ ಅಮಲಿನಲ್ಲಿ ಅಂಗಿ ಮುಟ್ಟಿ ನೋಡುತ್ತಾನೆಂದು ಯಾರು ನಂಬುತ್ತಾರೆ? ಆದ್ದರಿಂದ ಮನೆಯಲ್ಲಿ ಒಂದು ಒಪ್ಪಂದವಾಯಿತು. ಶಾಲೆಯ ಆಟೋಟದ ದಿನ ಅವನು ಓಡಲಿ, ನಾನು ಬಂದು ನೋಡುತ್ತೇನೆ. ಅಂಗಿ ಒಣಗಿದಾಗ ಯಾರೂ ಹೇಳದೆ ತಾನೇ ಬಂದು ಕೂತರೆ ಶಾಲೆ ಮುಂದುವರಿಯುತ್ತದೆ. ಕೂರದಿದ್ದರೆ ಇನ್ನು ಮುಂದೆ ಹಿಂದಿನ ಕೋಣೆಯೇ ಶಾಲೆ, ನಾನೇ ಟೀಚರು, ಅಜ್ಜಿಯೇ ಹೆಡ್‌ಮಿಸ್. ಗಂಡ ಒಪ್ಪಿದ. ಮೀನು ಒಪ್ಪಿದ. ಅವನು ಸೋಲುತ್ತಾನೆಂದು ನಾನು ಒಳಗೇ ಲೆಕ್ಕ ಹಾಕಿದ್ದೆ.

ಈಗ ಮುಖ್ಯ ಕೋರಿಕೆಗೆ ಬರುತ್ತೇನೆ. ಆಟೋಟ ಈ ಶನಿವಾರ. ಅಂದು ಒಂದು ದಿನದ ಮಟ್ಟಿಗಾದರೂ, ಓಟ ಶುರುವಾಗಿ ಮುಗಿಯುವವರೆಗಾದರೂ ತಾವು ನನ್ನ ಮಗನ ಬಳಿ ಎರವಲು ಸೇವೆಯ ಮೇಲೆ ಬರಬೇಕೆಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ. ಇಡೀ ಮೈಗೆ ಬರಲು ತೊಂದರೆಯಾದರೆ ಕತ್ತಿನ ಹಿಂದೆ ಒಂದಿಷ್ಟು, ಮೇಲ್ದುಟಿಯ ಮೇಲೆ ಎರಡು ಹನಿ ಸಾಕು. ಹೊಸ ಹುದ್ದೆ ಸೃಷ್ಟಿಸಲು ಅಧಿಕಾರವಿಲ್ಲವೆನ್ನುವುದಾದರೆ ನನ್ನ ಗಂಡನ ಬಳಿ ಹೆಚ್ಚುವರಿಯಾಗಿ ಇರುವ ಸಿಬ್ಬಂದಿಯನ್ನೇ ವರ್ಗಾಯಿಸಿ, ಅವನ ಒಪ್ಪಿಗೆ ಇದೆ. ಅದೂ ಆಗದಿದ್ದರೆ ನನ್ನ ಬೆನ್ನಿನ ಕಪ್ಪು ಪಟ್ಟೆಗಳನ್ನೆಲ್ಲ ಒಟ್ಟಿಗೆ ಸೇರಿಸಿ ಅವನ ಹೆಸರಿಗೆ ಬರೆದುಕೊಡುತ್ತೇನೆ. ಪ್ರತಿಯಾಗಿ ನಮ್ಮ ಮನೆಯಲ್ಲಿ ತಮಗೆ ಯಾವ ಅವಮಾನವೂ ಆಗದು. ಪೌಡರ್ ಬಳಿದು ಮುಖ ಮುಚ್ಚುವುದಿಲ್ಲ, ಸೆಂಟು ಹೊಡೆದು ತಮ್ಮ ಪರಿಮಳವನ್ನು ಹತ್ತಿಕ್ಕುವುದಿಲ್ಲ. ಅಂಗಿಯ ಕಂಕುಳಲ್ಲಿ ತಾವು ಮೊಹರು ಒತ್ತಿದರೆ ಅದನ್ನು ತೊಳೆಯದೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ.

ಇಲ್ಲಿಯವರೆಗೆ ಬರೆದು ಪತ್ರವನ್ನು ಮಡಚಿಟ್ಟಿದ್ದೆ. ಅಂಚೆಗೆ ಹಾಕಲು ತಮ್ಮ ವಿಳಾಸ ಸಿಗಲಿಲ್ಲ. ಈಗ ಆಟೋಟ ಕಳೆದಿದೆ, ಆದ್ದರಿಂದ ಮುಂದಿನದನ್ನು ಸೇರಿಸುತ್ತಿದ್ದೇನೆ.

ಶನಿವಾರ ತಾವು ಮೈದಾನದಲ್ಲಿ ಎಲ್ಲೆಲ್ಲಿಯೂ ಇದ್ದಿರಿ. ಅಪ್ಪಂದಿರ ಕಾಲರಿನಲ್ಲಿ, ಅಮ್ಮಂದಿರ ಕೆನ್ನೆಯಲ್ಲಿ, ಬ್ಯಾಂಡು ಬಾರಿಸುವ ಹುಡುಗಿಯರ ಟೋಪಿಯ ಅಂಚಿನಲ್ಲಿ. ಮೇಷ್ಟ್ರು ಮೀನುವಿನ ಅಂಗಿಯನ್ನು ಬಕೆಟ್ಟಿನಲ್ಲಿ ಅದ್ದಿ ತೊಡಿಸಿ ಸಾಲಿನಲ್ಲಿ ನಿಲ್ಲಿಸಿದರು. ಆಗ ಮುಖ್ಯ ಅತಿಥಿಗಳು ಎದ್ದು ಎರಡು ಮಾತಾಡುತ್ತೇನೆಂದರು. ಶಾಮಿಯಾನದ ನೆರಳಲ್ಲಿ, ಪಕ್ಕದಲ್ಲಿ ಫ್ಯಾನು ಇಟ್ಟುಕೊಂಡು, ಅವರು ಆಡಿದ ಎರಡು ಮಾತುಗಳೂ ತಮ್ಮ ಗುಣಗಾನವೇ ಆಗಿದ್ದವು. ಬೆವರು ಸುರಿಸದೆ ಯಾವುದೂ ದಕ್ಕುವುದಿಲ್ಲ ಮಕ್ಕಳೇ, ನಾನು ಈ ಸ್ಥಾನಕ್ಕೆ ಬಂದದ್ದು ಬೆವರಿನಿಂದ, ಬೆವರಿಗಿಂತ ದೊಡ್ಡ ಬಂಧು ಇಲ್ಲ ಎಂದು ಅವರು ಹೇಳುತ್ತಲೇ ಹೋದರು. ಮಕ್ಕಳು ಬಿಸಿಲಲ್ಲಿ ನಿಂತೇ ಇದ್ದರು. ತಮ್ಮ ಸ್ತುತಿ ಕೇಳುತ್ತ ಕೇಳುತ್ತ ನನ್ನ ಮಗನ ಅಂಗಿ ಭುಜದಿಂದ ಕೆಳಕ್ಕೆ ಬಣ್ಣ ತಿಳಿಯಾಗುತ್ತ ಬರುವುದನ್ನು ನಾನು ದೂರದಿಂದಲೇ ನೋಡಿದೆ. ಬಟ್ಟೆ ಒಣಗುವುದು ನನಗೆ ಯಾವ ದೂರದಿಂದಲೂ ಗೊತ್ತಾಗುತ್ತದೆ. ಏಳೋಣವೆಂದರೆ ಗಂಡ ಕೈ ಹಿಡಿದು, "ಒಪ್ಪಂದ" ಎಂದ.

ಸೀಟಿ ಊದಿದರು. ಮೈದಾನಕ್ಕೆ ಎರಡು ಸುತ್ತಿನ ಓಟ. ಮೊದಲನೆಯ ಸುತ್ತಿನಲ್ಲಿ ಅವನು ಎಲ್ಲರ ನಡುವೆ ಇದ್ದ. ಎರಡನೆಯದರಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ, ತೆಳುಗೂದಲು ಹಾರಿಸುತ್ತ, ಇರುವ ಹಲ್ಲನ್ನೆಲ್ಲ ಕಚ್ಚಿಕೊಂಡು ಬಂದ. ಕೊನೆಯ ತಿರುವಿನಲ್ಲಿ ಅವನ ಮುಂದೆ ಒಬ್ಬನೇ ಹುಡುಗ, ಅವನೂ ಏದುಸಿರು ಬಿಡುತ್ತಿದ್ದ. ಆಮೇಲೆ ನಡೆದದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ. ಅವನನ್ನು ನಿಲ್ಲಿಸಲು ಬಂದವಳು, ಅವನು ನಿಲ್ಲದಿದ್ದರೆ ಮನೆಯಲ್ಲಿ ಕೂಡಿಹಾಕಲು ಬಂದವಳು, ಕಂಬಳಿಯ ಮಧ್ಯಾಹ್ನವನ್ನು ಇವತ್ತಿಗೂ ಮರೆಯದವಳು ನಾನು, "ಓಡೋ ಮೀನೂ, ಓಡೋ, ಬಿಡ್ಬೇಡ ಅವ್ನ" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ.

ಮೀನು ನಿಂತ. ಗೆರೆ ಇನ್ನೇನು ಅಲ್ಲೇ ಇತ್ತು. ಅವನು ಅಂಗಿಯ ಎದೆಭಾಗವನ್ನು ಮುಷ್ಟಿಯಲ್ಲಿ ಹಿಡಿದು ನೋಡಿದ, ಕೈ ಹಿಂದೆ ಮಾಡಿ ಬೆನ್ನು ತಡವಿ ನೋಡಿದ. ಹಿಂದಿನ ಹುಡುಗರೆಲ್ಲ ಅವನನ್ನು ದಾಟಿ ಹೋದರು. ಜನ ಓಡು ಓಡು ಎಂದು ಕೂಗಿದರು, ಮುಖ್ಯ ಅತಿಥಿಗಳೂ ಕೂಗಿದರು, ನಾನಂತೂ ಎಲ್ಲರಿಗಿಂತ ಜೋರಾಗಿ ಕೂಗಿದೆ. ಅವನು ಗೆರೆಯನ್ನು ಒಮ್ಮೆ ನೋಡಿ, ಪಕ್ಕಕ್ಕೆ ತಿರುಗಿ, ನಡೆದುಕೊಂಡೇ ನೆರಳಿಗೆ ಬಂದು, ಬಕೆಟ್ಟಿನಿಂದ ತಲೆಯ ಮೇಲೆ ನೀರು ಸುರಿದುಕೊಂಡು ಕೂತ. ನಾನು ಓಡಿಹೋಗಿ ಅವನ ಮುಂದೆ ನಿಂತು, ಏದುಸಿರು ಬಿಡುತ್ತ, "ಯಾಕೋ ನಿಂತ್ಬಿಟ್ಟೆ, ಗೆಲ್ತಿದ್ಯಲ್ಲೋ" ಎಂದೆ. ದಡ್ಡ ವಿದ್ಯಾರ್ಥಿಯನ್ನು ಟೀಚರು ನೋಡುವ ಹಾಗೆ ಅವನು ನನ್ನನ್ನು ನೋಡಿದ.

"ಒಣಗಿತ್ತಲ್ಲಮ್ಮ" ಎಂದ.

ಮಾನ್ಯರೇ, ಸೋಮವಾರದಿಂದ ಅವನು ಶಾಲೆಗೆ ಹೋಗುತ್ತಿದ್ದಾನೆ. ನನಗೆ ಈಗಲೂ ಭಯವಿದೆ, ಅವನು ವಾಪಸು ಬರುವವರೆಗೆ ಹೊಲಿಗೆ ಬಿಟ್ಟು ಬಾಗಿಲಿಗೆ ಹೋಗಿ ಬರುತ್ತಲೇ ಇರುತ್ತೇನೆ. ಆದರೆ ಈ ಮನೆಯಲ್ಲಿ ಅಂಗಿ ಮುಟ್ಟಿ ನೋಡಬೇಕಾದವರು ಯಾರೆಂಬುದು ನನಗೆ ಮನದಟ್ಟಾಗಿದೆ. ಆದ್ದರಿಂದ ಮೇಲೆ ಮಾಡಿದ ಕೋರಿಕೆಗಳನ್ನೆಲ್ಲ ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ. ತಾವು ತಮ್ಮ ಅಮೂಲ್ಯ ಸೇವೆಯನ್ನು ಮುಖ್ಯ ಅತಿಥಿಗಳಿಗೆ ಮೀಸಲಿಟ್ಟು ಸುಖವಾಗಿರಬೇಕೆಂದು ಹಾರೈಸುತ್ತೇನೆ.

ಇತಿ, ಅರ್ಧ ಬೆನ್ನಿನಷ್ಟು ಮಾತ್ರ
ತಮ್ಮ ವಿಶ್ವಾಸಿ,
ಮೀನು ಮತ್ತು ಕಪ್ಪೆಯ ಅಮ್ಮ

ತಾ.ಕ.: ಈ ಪತ್ರವನ್ನು ಗಂಡನಿಗೆ ಓದಿ ಹೇಳುತ್ತಿದ್ದಾಗ ಕಪ್ಪೆ ಪೂರ್ತಿ ಕೇಳಿಸಿಕೊಂಡು, "ಬೆವರು ಅಂದ್ರೆ ಯಾರಮ್ಮ?" ಎಂದು ಕೇಳಿದ. ತಾವು ಬಹಳ ದೊಡ್ಡವರೆಂದೂ, ಎಲ್ಲರ ಮನೆಗೆ ಹೋಗುವವರು ನಮ್ಮ ಮನೆಗೆ ಮಾತ್ರ ಬರುವುದಿಲ್ಲವೆಂದೂ ನನ್ನ ಕೈಲಾದಷ್ಟು ಗೌರವದಿಂದ ವಿವರಿಸಿದೆ. ಅವನು "ಅವ್ರಿಗೆ ನಮ್ಮನೆ ಅಡ್ರೆಸ್ ಗೊತ್ತಿಲ್ವೇನೋ ಪಾಪ" ಎಂದು ತಮ್ಮ ಪರವಾಗಿಯೇ ಮಾತಾಡಿದ. ಈ ಮನೆಯಲ್ಲಿ ತಮ್ಮ ಬಗ್ಗೆ ಇನ್ನೂ ಒಳ್ಳೆಯದಾಗಿ ಯೋಚಿಸುವವನು ಅವನೊಬ್ಬನೇ. ಅವನಿಗೂ ಬುದ್ಧಿ ಬರುವ ಮೊದಲು ಏನಾದರೂ ಒಂದು ಸಬೂಬು ಕಳಿಸಿಕೊಟ್ಟರೆ ತಮಗೇ ಮರ್ಯಾದೆ.